ಆಲೂರು–ಸಕಲೇಶಪುರದ ಕಾಡಾನೆ: ಸಂಶೋಧನೆ ಹೇಳಿದ್ದು, ಸರ್ಕಾರ ಕೇಳಿದ್ದು

ಆಲೂರು ತಾಲ್ಲೂಕಿನಲ್ಲಿ ಆನೆ ಬದುಕಬಹುದಾದಷ್ಟು ದೊಡ್ಡ ಕಾಡು ಇಲ್ಲ. ಬಿಸಿಲೆ, ಕಾಗಿನೇರಿ, ಕೆಂಚನಕುಮರಿ ಕಾಡುಗಳು ಇರುವುದು ಪಶ್ಚಿಮಕ್ಕೆ, ಸಕಲೇಶಪುರ ತಾಲ್ಲೂಕಿನ ಘಟ್ಟದಂಚಿನಲ್ಲಿ. ಆಲೂರಿನಲ್ಲಿರುವುದು ಕಾಫಿ ತೋಟ, ಗದ್ದೆ, ಶುಂಠಿ ಮತ್ತು ಜೋಳದ ಹೊಲ, ಅಲ್ಲೊಂದು ಇಲ್ಲೊಂದು ಅಕೇಶಿಯಾ ಮತ್ತು ನೀಲಗಿರಿ ತೋಪು, ಪೂರ್ವಕ್ಕೆ ಹೇಮಾವತಿಯ ಹಿನ್ನೀರು. ಆದರೂ ಇಲ್ಲಿ ವರ್ಷವಿಡೀ ಕಾಡಾನೆಗಳಿವೆ. ದಾರಿ ತಪ್ಪಿ ಬಂದವಲ್ಲ ಇವು, ಇಲ್ಲೇ ನೆಲೆಸಿದವು. ಮರಿಗಳು ಕಾಫಿ ಗಿಡಗಳ ನಡುವೆಯೇ ಹುಟ್ಟಿ ಬೆಳೆಯುತ್ತಿವೆ. ಭೀಮ, ಕರಡಿ, ಬೀಟಮ್ಮ, ಭುವನೇಶ್ವರಿ ಎಂಬ ಆನೆಗಳ ಹೆಸರುಗಳು ಇಲ್ಲಿನ ಚಹದಂಗಡಿಗಳಲ್ಲಿ ಊರಿನವರ ಹೆಸರುಗಳ ಜೊತೆಜೊತೆಗೇ ಓಡಾಡುತ್ತವೆ.

ಹಾಸನ ಜಿಲ್ಲೆಯ ಈ ಗುಡ್ಡಗಾಡಿನ ಆನೆ ಸಮಸ್ಯೆಯ ಬಗ್ಗೆ ಸಭೆಗಳಾಗಿವೆ, ರಸ್ತೆ ತಡೆಗಳಾಗಿವೆ, ವಿಧಾನಸಭೆಯಲ್ಲಿ ಚರ್ಚೆಯಾಗಿದೆ. ಜೊತೆಗೆ ಸಂಶೋಧನೆಯೂ ನಡೆದಿದೆ. ಇದು ಹೆಚ್ಚು ಜನರಿಗೆ ಗೊತ್ತಿಲ್ಲ. ನೇರವಾಗಿ ಇಲ್ಲಿನ ಆನೆಗಳ ಮೇಲೆ ನಡೆದ ಅಧ್ಯಯನಗಳಿವೆ. ಕೊಡಗು, ವಾಲ್ಪಾರೈ, ಶ್ರೀಲಂಕಾಗಳಲ್ಲಿ ನಡೆದು ಇಲ್ಲಿಗೂ ಅನ್ವಯಿಸುವಂಥವೂ ಇವೆ. ಇವನ್ನೆಲ್ಲ ಒಟ್ಟಿಗಿಟ್ಟು ಓದಿದಾಗ ನನಗೆ ಅನ್ನಿಸಿದ್ದು ಇದು: ವಿದ್ವಾಂಸರು ಸಾಕಷ್ಟು ಮೊದಲೇ, ಸಾಕಷ್ಟು ಸ್ಪಷ್ಟವಾಗಿ ಹೇಳಿದ್ದಾರೆ. ಆಡಳಿತ ಅದರಲ್ಲಿ ಬೇಗ ಮಾಡಿ ತೋರಿಸಬಹುದಾದ ಭಾಗವನ್ನು ಎತ್ತಿಕೊಂಡು, ನಿಧಾನವಾಗಿ ಮಾಡಬೇಕಾದದ್ದನ್ನು ಬಿಟ್ಟಿದೆ. ಇನ್ನು ಈ ಸಂಶೋಧನೆಯೂ ಎಲ್ಲರ ಮನೆ ಬಾಗಿಲಿಗೆ ಹೋಗಿಲ್ಲ.

ಆನೆ ಬೆಳೆಗೆ ಯಾಕೆ ಬರುತ್ತದೆ? ಕಾಡಿನಲ್ಲಿ ಮೇವಿಲ್ಲ, ನೀರಿಲ್ಲ, ಅದಕ್ಕೇ ಬರುತ್ತದೆ ಎಂಬುದು ಎಲ್ಲರ ಬಾಯಲ್ಲಿರುವ ಉತ್ತರ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ 1980ರ ದಶಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸುತ್ತ ಮಾಡಿದ ಕೆಲಸ ಈ ಉತ್ತರ ಅರ್ಧ ಮಾತ್ರ ನಿಜ ಎಂದು ತೋರಿಸಿತು. ಹೆಣ್ಣಾನೆಗಳಿಗಿಂತ ಗಂಡಾನೆಗಳು ಬೆಳೆಗೆ ನುಗ್ಗುವುದು ಬಹಳ ಹೆಚ್ಚು. ಒಂದೇ ಕಾಡಿನಲ್ಲಿ ಒಂದೇ ಮೇವು ತಿನ್ನುವ ಇಬ್ಬರಲ್ಲಿ ಒಬ್ಬರಷ್ಟೇ ಅಪಾಯಕ್ಕೆ ಒಡ್ಡಿಕೊಂಡು ಹೊರಬರುತ್ತಾರೆಂದರೆ ಅದು ಬರೀ ಹಸಿವಿನ ಮಾತಲ್ಲ. ಗಂಡಾನೆಗೆ ಮೈ ಬೆಳೆಸಬೇಕು, ಮದವೇರಿದಾಗ ಇನ್ನೊಂದು ಸಲಗದ ಎದುರು ನಿಲ್ಲಬೇಕು. ರಾಗಿ, ಭತ್ತದ ತೆನೆಯಲ್ಲಿರುವ ಸತ್ವ ಕಾಡಿನ ಹುಲ್ಲಿನಲ್ಲಿಲ್ಲ. 1988ರಲ್ಲಿ ಸುಕುಮಾರ್ ಮತ್ತು ಮಾಧವ ಗಾಡ್ಗೀಳ್ ಇದನ್ನು ಪ್ರಬಂಧವಾಗಿ ಪ್ರಕಟಿಸಿದರು.

ಸುಮಾರು ಮೂರು ದಶಕಗಳ ನಂತರ ಅದೇ ಸಂಸ್ಥೆಯ ತಂಡವೊಂದು ಹಾಸನದ ಆನೆಗಳ ಲದ್ದಿ ಸಂಗ್ರಹಿಸಿ, ಅದರಲ್ಲಿ ಒತ್ತಡದ ಹಾರ್ಮೋನು ಎಷ್ಟಿದೆಯೆಂದು ಅಳೆಯಿತು. ಜನರ ನಡುವೆ, ಪಟಾಕಿ ಮತ್ತು ಕೂಗಾಟದ ನಡುವೆ ಬದುಕುವ ಆನೆ ಹೆಚ್ಚು ಒತ್ತಡದಲ್ಲಿರುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. 2019ರಲ್ಲಿ ಪ್ರಕಟವಾದ ಫಲಿತಾಂಶ ಉಲ್ಟಾ ಇತ್ತು. ಬಂಡೀಪುರ, ನಾಗರಹೊಳೆಯ ಕಾಡಿನ ಆನೆಗಳಿಗಿಂತ ಇಲ್ಲಿ ಬೆಳೆ ತಿಂದು ಬದುಕುವ ಆನೆಗಳಲ್ಲೇ ಒತ್ತಡದ ಹಾರ್ಮೋನು ಕಡಿಮೆ. ತಿನ್ನುವುದು ಪೌಷ್ಟಿಕವಾಗಿದ್ದರೆ ಜನರ ಕಾಟವನ್ನು ಅದು ಸರಿದೂಗಿಸುತ್ತದೆ ಎಂಬುದು ಸಂಶೋಧಕರ ವಿವರಣೆ. ಪಟಾಕಿ ಸಿಡಿಸಿ ಓಡಿಸುವುದರ ಮೇಲೆಯೇ ನಿಂತಿರುವ ನಮ್ಮ ವ್ಯವಸ್ಥೆ ಕೂತು ಯೋಚಿಸಬೇಕಾದ ಫಲಿತಾಂಶ ಇದು.

ಕಾಫಿ ತೋಟದ ಪಾತ್ರವನ್ನೂ ಇಲ್ಲಿ ಹೇಳಬೇಕು. ಕೊಡಗಿನಲ್ಲಿ ಪೊನ್ನಂಪೇಟೆಯ ಅರಣ್ಯ ಕಾಲೇಜಿನವರು ಸೇರಿ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆನೆ ಲದ್ದಿಯಲ್ಲಿ ಕಾಫಿ ಬೀಜ ಸಿಕ್ಕಿತ್ತು. ಹಲಸು, ಬಾಳೆ, ಬೈನೆಗಾಗಿ ತೋಟಕ್ಕೆ ಬರುತ್ತಿದ್ದ ಪ್ರಾಣಿ ಕಾಫಿ ಹಣ್ಣಿನ ರುಚಿಯನ್ನೂ ಹಿಡಿದಿತ್ತು. ಆಲೂರು–ಸಕಲೇಶಪುರದಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ತಂಡ ಆನೆಗಳನ್ನು ದಿನದಿನವೂ ಹಿಂಬಾಲಿಸಿ ಅವು ಎಲ್ಲಿ ನಿಲ್ಲುತ್ತವೆ, ಎಲ್ಲಿ ಮೇಯುತ್ತವೆ ಎಂದು ದಾಖಲಿಸಿತು. 2019ರಲ್ಲಿ ಅದನ್ನು ಪ್ರಕಟಿಸಿತು. ಕಾಫಿ ತೋಟದ ನೆರಳು, ಅಕೇಶಿಯಾ ತೋಪಿನ ಮರೆ, ಹಿನ್ನೀರಿನ ದಂಡೆ ಎಲ್ಲವೂ ಈ ಆನೆಗಳ ದಿನಚರಿಯಲ್ಲಿ ಸೇರಿವೆ. ಕಾಲ ಬದಲಾದಂತೆ ಅವು ಜಾಗ ಬದಲಿಸುತ್ತವೆ. ಮರದ ನೆರಳಿನಲ್ಲಿ ಕಾಫಿ ಬೆಳೆಯುವ ನಮ್ಮ ಪದ್ಧತಿಯನ್ನು ಪರಿಸರದ ದೃಷ್ಟಿಯಿಂದ ಜಗತ್ತೇ ಹೊಗಳುತ್ತದೆ. ಹಕ್ಕಿಗೆ, ಮರಕ್ಕೆ, ಮಣ್ಣಿಗೆ ಒಳ್ಳೆಯದಾದ ಆ ನೆರಳೇ ಆನೆಗೂ ಒಳ್ಳೆಯ ಆಸರೆ. ತೋಟದ ಕೆರೆಯಲ್ಲಿ ಬೇಸಿಗೆಯಲ್ಲೂ ನೀರು, ಹಗಲು ನಿಲ್ಲಲು ಮರೆ, ರಾತ್ರಿ ಇಳಿದರೆ ಕೆಳಗೆ ಗದ್ದೆ. ಇಷ್ಟೆಲ್ಲ ಒಂದೇ ಕಡೆ ಸಿಗುವಾಗ ಆನೆ ಘಟ್ಟದ ಕಾಡಿಗೆ ಯಾಕೆ ಹಿಂತಿರುಗಬೇಕು?

ಈ ಭೂದೃಶ್ಯವನ್ನು ಆನೆ ಮಾಡಿದ್ದಲ್ಲ, ನಾವು ಮಾಡಿದ್ದು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ನದಿ ಬಯಲಿನ ಊರು, ಗದ್ದೆ ಮುಳುಗಿದವು. ಸಂತ್ರಸ್ತರಿಗೆ ಪುನರ್ವಸತಿಯೆಂದು ಕೊಟ್ಟ ಜಮೀನಿನಲ್ಲಿ ಕಾಡಿನ ಭೂಮಿಯೂ ಇತ್ತು. ಮುಳುಗಿದವರ ಕಷ್ಟ ಕಷ್ಟವೇ, ಅವರಿಗೆ ಜಮೀನು ಕೊಡಲೇಬೇಕಿತ್ತು. ಆದರೆ ಆನೆ ಓಡಾಡುತ್ತಿದ್ದ ಕಾಡು ತುಂಡುತುಂಡಾಗಿ, ಕೊಡಗಿನ ಕಡೆಯಿಂದ ಬಂದು ಹೋಗುತ್ತಿದ್ದ ಹಿಂಡುಗಳು ಕಾಲಕ್ರಮದಲ್ಲಿ ಇಲ್ಲೇ ನಿಂತವು. ಶಿರಾಡಿ ಘಾಟಿಯ ಹೆದ್ದಾರಿ, ಸುಬ್ರಹ್ಮಣ್ಯದ ಕಡೆಗಿಳಿಯುವ ರೈಲುಮಾರ್ಗ, ಈಚೆಗೆ ಎತ್ತಿನಹೊಳೆ ಯೋಜನೆಯ ಕಾಮಗಾರಿ, ಇವೆಲ್ಲ ಘಟ್ಟದ ಕಾಡಿನ ಮೇಲೆ ಒಂದರ ಮೇಲೊಂದು ಬಂದವು. ಒಂದೊಂದನ್ನೂ ಬಿಡಿಯಾಗಿ ಸಮರ್ಥಿಸಬಹುದು. ಎಲ್ಲ ಸೇರಿದಾಗ ಆಗುವ ಪರಿಣಾಮವನ್ನು ಯಾವ ಇಲಾಖೆಯೂ ತನ್ನ ಲೆಕ್ಕಕ್ಕೆ ಹಾಕಿಕೊಳ್ಳುವುದಿಲ್ಲ.

ನೀತಿಯ ಮೇಲೆ ನೇರ ಪ್ರಭಾವ ಬೀರಿದ ಸಂಶೋಧನೆಯೆಂದರೆ ಹೈಕೋರ್ಟ್ ಆದೇಶದ ಮೇರೆಗೆ ಸುಕುಮಾರ್ ಅಧ್ಯಕ್ಷತೆಯಲ್ಲಿ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆಯ 2012ರ ವರದಿ. ರಾಜ್ಯದ ಆನೆ ಪ್ರದೇಶಗಳನ್ನು ಅದು ಮೂರಾಗಿ ವಿಂಗಡಿಸಿತು: ಆನೆಗೇ ಆದ್ಯತೆ ಇರುವ ಸಂರಕ್ಷಣಾ ವಲಯ, ಆನೆ ಮತ್ತು ಮನುಷ್ಯ ಇಬ್ಬರೂ ಹೊಂದಿಕೊಂಡು ಇರಬೇಕಾದ ಸಹಬಾಳ್ವೆಯ ವಲಯ, ಆನೆಗಳನ್ನು ತೆಗೆಯಬೇಕಾದ ವಲಯ. ಆಲೂರು ಸೀಮೆ ಮೂರನೆಯದಕ್ಕೆ ಸೇರಿತು. ಇಲ್ಲಿ ಆನೆಗೂ ಭವಿಷ್ಯವಿಲ್ಲ, ಜನರಿಗೂ ನೆಮ್ಮದಿಯಿಲ್ಲ, ಆದ್ದರಿಂದ ಹಿಡಿದು ಸಾಗಿಸುವುದೇ ಸರಿ ಎಂಬುದು ಕಾರ್ಯಪಡೆಯ ತೀರ್ಮಾನ. ಆನೆಯ ಬಗ್ಗೆ ಕಾಳಜಿಯುಳ್ಳವರೇ ಹೇಳಿದ ಮಾತಿದು, ಹಗುರವಾಗಿ ಹೇಳಿದ್ದಲ್ಲ. 2014ರ ಹೊತ್ತಿಗೆ 22 ಆನೆಗಳನ್ನು ಹಿಡಿಯಲಾಯಿತು.

ಸ್ವಲ್ಪ ಕಾಲ ಊರುಗಳು ಉಸಿರುಬಿಟ್ಟವು. ಆಮೇಲೆ ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಕೆಲವೇ ವರ್ಷಗಳಲ್ಲಿ ಸಂಖ್ಯೆ ಹಿಂದಿನದನ್ನು ಮೀರಿತು.

ಹೀಗಾಗುತ್ತದೆಂದು ಊಹಿಸಲು ಆಧಾರ ಆಗಲೇ ಇತ್ತು. ಪೃಥಿವಿರಾಜ್ ಫರ್ನಾಂಡೊ ಮತ್ತು ಸಂಗಡಿಗರು ಶ್ರೀಲಂಕಾದಲ್ಲಿ ಸ್ಥಳಾಂತರಿಸಿದ 12 ಗಂಡಾನೆಗಳಿಗೆ ಕಾಲರ್ ಹಾಕಿ ಹಿಂಬಾಲಿಸಿದ ಅಧ್ಯಯನ ಪ್ರಕಟವಾದದ್ದೂ 2012ರಲ್ಲೇ. ಕೆಲವು ಹಿಡಿದ ಜಾಗಕ್ಕೇ ಮರಳಿದವು, ಕೆಲವು ಎಲ್ಲೂ ನಿಲ್ಲದೆ ಅಲೆದವು, ಕೆಲವು ಹೊಸ ಜಾಗದಲ್ಲಿ ನೆಲೆಯೂರಿದವು. ಒಟ್ಟಿನಲ್ಲಿ ಸಂಘರ್ಷ ಇನ್ನಷ್ಟು ಕಡೆ ಹರಡಿತು, ಆನೆಗಳ ಸಾವೂ ಹೆಚ್ಚಿತು. ಇದರಿಂದ ಕಾರ್ಯಪಡೆ ತಪ್ಪು, ಶ್ರೀಲಂಕಾದವರು ಸರಿ ಎಂದು ನಾನು ಹೇಳುವುದಿಲ್ಲ. ಆಲೂರಿನಂಥ ಕಡೆ ಆನೆ ಇರಬಾರದು ಎಂಬುದು ಒಂದು ಗುರಿ. ಹಿಡಿದು ಸಾಗಿಸಿದರೆ ಆ ಗುರಿ ಈಡೇರುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ. ಆನೆಯನ್ನು ಇಲ್ಲಿಗೆ ಸೆಳೆದ ನೆರಳು, ನೀರು, ಮೇವು ಹಾಗೆಯೇ ಇರುವಾಗ, ಬರುವ ದಾರಿಯೂ ತೆರೆದೇ ಇರುವಾಗ ಹಿಡಿಯುವ ಕೆಲಸಕ್ಕೆ ಕೊನೆಯಿಲ್ಲ. ವಿಂಗಡಣೆಯ ನಕ್ಷೆ ಬರೆಯುವ ಕೆಲಸ ವಿದ್ವಾಂಸರದು. ನಕ್ಷೆಯ ಆಚೆ ಇಲಾಖೆಗಳು ಒಟ್ಟಿಗೆ ಕೂತು ವರ್ಷಗಟ್ಟಲೆ ಮಾಡಬೇಕಾದ ಕೆಲಸ ನಡೆಯಲಿಲ್ಲ.

ಈ ನಡುವೆ ಆನೆಗಳೂ ಬದಲಾಗುತ್ತಿವೆ. ನಿಶಾಂತ್ ಶ್ರೀನಿವಾಸಯ್ಯ ಮತ್ತು ಅನಿಂದ್ಯ ಸಿನ್ಹಾ ಇದ್ದ ಬೆಂಗಳೂರಿನ ತಂಡ ದಕ್ಷಿಣ ಕರ್ನಾಟಕದ ಕಾಡು, ಬಯಲುಗಳಲ್ಲಿ 248 ಗಂಡಾನೆಗಳನ್ನು ಒಂದೊಂದಾಗಿ ಗುರುತಿಸಿ ಅಧ್ಯಯನ ಮಾಡಿತು. ಕಾಡಿನಲ್ಲಿ ಒಂಟಿಯಾಗಿಯೋ ಹೆಣ್ಣಾನೆಗಳ ಹಿಂಡಿನ ಜೊತೆಗೋ ಇರುವ ಹದಿಹರೆಯದ ಸಲಗಗಳು ಹೊಲಗದ್ದೆಗಳ ಸೀಮೆಯಲ್ಲಿ ದೊಡ್ಡ ಗುಂಪು ಕಟ್ಟಿಕೊಂಡು ಓಡಾಡುವುದು ಅದರಲ್ಲಿ ಕಂಡಿತು. ಅಪಾಯವಿರುವ ಕಡೆ ಹಿರಿಯ ಗಂಡಾನೆಯ ಜೊತೆ ಕಲಿಯುವ ಹೊಸ ರೀತಿ ಇದು. ನಾವು ಇನ್ನೂ ಹಳೆಯ ಆನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಜನೆ ಮಾಡುತ್ತಿದ್ದೇವೆ.

ಸಂಶೋಧನೆಯಿಂದ ಜನರಿಗೆ ನೇರವಾಗಿ ಪ್ರಯೋಜನವಾದ ಒಂದು ಸಂಗತಿಯಿದೆ, ಅದನ್ನು ಮನಸಾರೆ ಹೇಳಬೇಕು. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಆನೆಯಿಂದಾದ ಸಾವುಗಳನ್ನು ಎಂ. ಆನಂದಕುಮಾರ್ ಮತ್ತು ಸಂಗಡಿಗರು ಒಂದೊಂದಾಗಿ ಕೆದಕಿ ನೋಡಿದರು. 1994ರಿಂದ 2012ರವರೆಗೆ ಸತ್ತ 39 ಜನರಲ್ಲಿ 36 ಮಂದಿಗೆ ಆನೆ ಹತ್ತಿರದಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಅವರು ಆನೆಯನ್ನು ಕೆಣಕಲು ಹೋದವರಲ್ಲ. ಸಂಜೆ ಮನೆಗೆ ನಡೆದು ಬರುವವರು, ಬೆಳಗ್ಗೆ ಕೆಲಸಕ್ಕೆ ಹೊರಟವರು. ಹಾಗಿದ್ದರೆ ಆನೆ ಇರುವ ಜಾಗವನ್ನು ಮೊದಲೇ ತಿಳಿಸಿದರಾಯಿತಲ್ಲ ಎಂಬ ಸರಳ ಯೋಚನೆಯಿಂದ ಮೊಬೈಲ್ ಸಂದೇಶ, ಟಿವಿಯ ಕೆಳಗೆ ಓಡುವ ಸಾಲು, ಕೆಂಪು ದೀಪಗಳ ವ್ಯವಸ್ಥೆ ಹುಟ್ಟಿತು. ಅಲ್ಲಿ ಸಾವು ಗಣನೀಯವಾಗಿ ಇಳಿಯಿತು. 2015ರಲ್ಲಿ ಆನಂದಕುಮಾರ್ ಅವರಿಗೆ ವಿಟ್ಲಿ ಪ್ರಶಸ್ತಿ ಬಂತು. 2017ರಿಂದ ಅರಣ್ಯ ಇಲಾಖೆಯ ಜೊತೆ ಸೇರಿ ಅದೇ ವ್ಯವಸ್ಥೆಯನ್ನು ಹಾಸನಕ್ಕೆ ತರಲಾಯಿತು.

ಇವತ್ತು ಈ ಭಾಗದ ತೋಟವೊಂದರ ಬೆಳಗು ನೋಡಿದರೆ ಅದರ ಗುಣ ಗೊತ್ತಾಗುತ್ತದೆ. ಕೊಯ್ಲಿನ ಕಾಲ. ಆಳುಗಳು ಲೈನ್ ಮನೆಗಳಿಂದ ಹೊರಟು ಗುಂಪಾಗಿ ನಿಂತಿರುತ್ತಾರೆ. ರೈಟರ್ ಮೊದಲು ನೋಡುವುದು ಹಾಜರಿ ಪುಸ್ತಕವನ್ನಲ್ಲ, ಫೋನನ್ನು. ಹಿಂಡು ರಾತ್ರಿ ಎಲ್ಲಿತ್ತು, ಈಗ ಎಲ್ಲಿ ನಿಂತಿದೆ ಎಂಬ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಬಂದಿರುತ್ತದೆ. ಕೆರೆ ಪಕ್ಕದ ಪಟ್ಟೆಯಲ್ಲಿ ಆನೆ ಇದೆಯೆಂದರೆ ಅವತ್ತು ಕೊಯ್ಲು ಮೇಲಿನ ಪಟ್ಟೆಗೆ. ಸಂಜೆಯ ಹೊತ್ತು ಊರ ಕೂಡುರಸ್ತೆಯ ಕಂಬದ ಮೇಲೆ ಕೆಂಪು ದೀಪ ಮಿಣುಕುತ್ತಿದ್ದರೆ ಬೈಕಿನವನು ನಿಲ್ಲಿಸಿ, ಎದುರಿಗೆ ಬರುವವರನ್ನು ಕೇಳಿಕೊಂಡು ಮುಂದೆ ಹೋಗುತ್ತಾನೆ. ಇದಕ್ಕೆ ಆನೆ ತಡೆಯುವ ರೈಲು ಕಂಬಿಯ ಬೇಲಿಯಂತೆ ಕಿಲೋಮೀಟರಿಗೆ ಕೋಟಿಗೂ ಮೀರಿ ಸುರಿಯಬೇಕಿಲ್ಲ. ಬೇಕಾದದ್ದು ಹಗಲೂ ರಾತ್ರಿ ಆನೆಯ ಹಿಂದೆ ನಡೆಯುವ ಮನುಷ್ಯರು. ಅಂಥವರಲ್ಲಿ ಬಹುಪಾಲು ಸ್ಥಳೀಯ ಹುಡುಗರು, ದಿನಗೂಲಿ ಅಥವಾ ಹೊರಗುತ್ತಿಗೆಯವರು. ಇಡೀ ವ್ಯವಸ್ಥೆ ಅವರ ಕಾಲ ಮೇಲೆ ನಿಂತಿದ್ದರೂ ಅವರ ನೌಕರಿಗೆ ಭದ್ರತೆಯಿಲ್ಲದಿರುವುದು ನನಗೆ ನೋವಿನ ವಿಷಯ.

ಆದರೂ ಸಾವು ನಿಂತಿಲ್ಲ. 2025ರ ಮೊದಲ ತಿಂಗಳುಗಳಲ್ಲಿ ಪಕ್ಕದ ಬೇಲೂರು ತಾಲ್ಲೂಕಿನಲ್ಲಿ ಕೆಲವೇ ವಾರಗಳ ಅಂತರದಲ್ಲಿ ಹಲವರು ಸತ್ತರು. ಆನೆ ಹಿಡಿಯುವವರೂ ಸತ್ತಿದ್ದಾರೆ. 2023ರ ಆಗಸ್ಟ್ ಕೊನೆಯಲ್ಲಿ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಭೀಮನಿಗೆ ಅರಿವಳಿಕೆ ಕೊಡಲು ಹೋದ ಇಲಾಖೆಯ ನುರಿತ ಸಿಬ್ಬಂದಿಯೊಬ್ಬರು ಅದೇ ಆನೆಯ ಕಾಲಿಗೆ ಸಿಕ್ಕಿದರು. ಅದೇ ವರ್ಷ ಡಿಸೆಂಬರ್ 4ರಂದು ಯಸಳೂರು ಅರಣ್ಯ ವಲಯದಲ್ಲಿ, ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ ಕಾಡಾನೆಯೊಂದರ ಜೊತೆಗಿನ ಕಾಳಗದಲ್ಲಿ ಸತ್ತ. ಆನೆ ಹಿಡಿಯುವ ಕಾರ್ಯಾಚರಣೆಯೆಂಬುದು ಎಷ್ಟು ಅಪಾಯದ ಕೆಲಸವೆಂದು ಅವತ್ತು ನಾಡಿಗೆಲ್ಲ ಗೊತ್ತಾಯಿತು. ಅರ್ಜುನನಿಗೆ ಅತ್ತ ನಾಡು ಆ ಸಿಬ್ಬಂದಿಯನ್ನು ಅಷ್ಟು ಕಾಲ ನೆನಪಿಟ್ಟುಕೊಳ್ಳಲಿಲ್ಲ.

ಪರಿಹಾರದ ವಿಚಾರಕ್ಕೆ ಬಂದರೆ, ಕೃತಿ ಕಾರಂತ ಮತ್ತು ಸಂಗಡಿಗರು 2018ರಲ್ಲಿ ದೇಶದ ರಾಜ್ಯಗಳ ಪರಿಹಾರ ನೀತಿಗಳನ್ನು ಹೋಲಿಸಿ ನೋಡಿದ್ದಾರೆ. 2012–13ರ ಒಂದೇ ವರ್ಷದಲ್ಲಿ 18 ರಾಜ್ಯಗಳಿಂದ 78 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. ಮುಕ್ಕಾಲು ಪಾಲಿನಷ್ಟು ಬೆಳೆ ಮತ್ತು ಆಸ್ತಿಯ ನಷ್ಟ. ಯಾವ ಪ್ರಾಣಿಗೆ, ಯಾವ ನಷ್ಟಕ್ಕೆ, ಎಷ್ಟು ಕೊಡಬೇಕೆಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕರ್ನಾಟಕದಲ್ಲಿ ಜೀವಹಾನಿಯ ಪರಿಹಾರವನ್ನು 2022ರ ಕೊನೆಯಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಲಾಯಿತು. ಹಣದ ಮೊತ್ತಕ್ಕಿಂತ ಹಣ ಪಡೆಯುವ ದಾರಿ ಕಷ್ಟದ್ದು ಎಂಬುದು ಈ ಊರುಗಳಲ್ಲಿ ಯಾರನ್ನು ಕೇಳಿದರೂ ಸಿಗುವ ಉತ್ತರ. ತೆನೆ ಹಾಲುದುಂಬಿದ ಗದ್ದೆಗೆ ರಾತ್ರಿ ಆನೆ ಇಳಿದರೆ ತಿನ್ನುವುದಕ್ಕಿಂತ ತುಳಿಯುವುದು ಹೆಚ್ಚು. ಬೆಳಗ್ಗೆ ನೋಡಿದರೆ ಕೆಸರಿನಲ್ಲಿ ಗುಂಡನೆ ಹೆಜ್ಜೆ, ಹೆಜ್ಜೆಯೊಳಗೆ ನೀರು, ಸುತ್ತ ಒರಗಿದ ಪೈರು. ಫೋಟೋ ತೆಗೆಯಬೇಕು, ಪಹಣಿ ತರಬೇಕು, ಅರ್ಜಿ ಹಾಕಬೇಕು, ಅರಣ್ಯ ಸಿಬ್ಬಂದಿ ಬಂದು ಮಹಜರು ಮಾಡುವವರೆಗೆ ಗದ್ದೆ ಮುಟ್ಟುವಂತಿಲ್ಲ. ಪಹಣಿ ಅಜ್ಜನ ಹೆಸರಿನಲ್ಲೇ ಇದ್ದರೆ ಕಷ್ಟ. ಬಗರ್‌ಹುಕುಂ ಜಮೀನಾದರೆ ಇನ್ನೂ ಕಷ್ಟ. ವಾರಕ್ಕೆ ಮಾಡಿದ ಗದ್ದೆಯಾದರೆ ದುಡಿದವನಿಗೆ ಏನೂ ಸಿಗುವುದಿಲ್ಲ. ಮುರಿದ ಕಾಫಿ ಗಿಡಕ್ಕೆ ಸರ್ಕಾರ ಕೊಡುವುದು ಗಿಡಕ್ಕೆ ಇಂತಿಷ್ಟು ಎಂದು. ಹೊಸ ಗಿಡ ಫಸಲಿಗೆ ಬರುವವರೆಗಿನ ವರ್ಷಗಳ ಆದಾಯ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಬಂಡೀಪುರ, ನಾಗರಹೊಳೆಯ ಸುತ್ತ 2015ರಿಂದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ನಡೆಸುತ್ತಿರುವ ‘ವೈಲ್ಡ್ ಸೇವೆ’ಯಲ್ಲಿ ರೈತ ಒಂದು ಫೋನ್ ಮಾಡಿದರೆ ಸಿಬ್ಬಂದಿಯೇ ಬಂದು ಅರ್ಜಿ ತುಂಬಿಸಿಕೊಡುತ್ತಾರೆ. ಸರ್ಕಾರವೇ ಮಾಡಬಹುದಾದ, ಮಾಡಬೇಕಾದ ಕೆಲಸವದು.

ಲೆಕ್ಕಕ್ಕೆ ಬಾರದ ನಷ್ಟ ಇನ್ನೂ ಇದೆ. ಮಾನ್ ಬರುವಾ, ಶೋನಿಲ್ ಭಾಗವತ್, ಸುಶ್ರುತ್ ಜಾಧವ್ 2013ರಲ್ಲಿ ಇದನ್ನು ಸಂಘರ್ಷದ ಮರೆಯಾದ ಮುಖಗಳೆಂದು ಕರೆದರು: ನಿದ್ದೆಗೆಟ್ಟ ರಾತ್ರಿಗಳು, ಬಿಟ್ಟುಹೋದ ಕೂಲಿ, ಕಚೇರಿಗೆ ಅಲೆದ ದಿನಗಳು, ಮನೆಯವರನ್ನು ಕಳೆದುಕೊಂಡವರ ಮಾನಸಿಕ ವೇದನೆ. ಆಲೂರು, ಸಕಲೇಶಪುರಗಳಲ್ಲಿ ಇದನ್ನು ಅಳೆಯಬೇಕಾದ ಜಾಗಗಳನ್ನು ತೋರಿಸುವುದು ಕಷ್ಟವಲ್ಲ. ಕಾಫಿ ತೋಟಕ್ಕೆ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ಭಾಷೆ ಬಾರದವರಿಗೆ ಕನ್ನಡದ ಸಂದೇಶ ಬಂದರೆ ಏನು ಉಪಯೋಗ? ತೋಟದ ಮಾಲೀಕನ ಫೋನಿಗೆ ಬಂದ ಎಚ್ಚರಿಕೆ ಆಳಿನ ಕಿವಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ? ಆನೆ ಇದೆಯೆಂದು ಕೆಲಸ ನಿಲ್ಲಿಸಿದ ದಿನದ ಕೂಲಿ ಯಾರ ತಲೆಗೆ? ಬಸ್ಸು ಇಳಿದು ಮೂರ್ನಾಲ್ಕು ಕಿಲೋಮೀಟರ್ ತೋಟದ ದಾರಿಯಲ್ಲಿ ನಡೆಯುವ ಹೆಣ್ಣುಮಕ್ಕಳು ಓದು ಬಿಡುತ್ತಿದ್ದಾರೆಯೇ? ಆನೆಯ ಹೆಜ್ಜೆಯನ್ನು ದಿನದಿನವೂ ಗುರುತಿಸುವ ನಮ್ಮ ಸಂಶೋಧನೆ ಈ ಮನುಷ್ಯರ ದಿನಚರಿಯನ್ನು ಅಷ್ಟು ಹತ್ತಿರದಿಂದ ಗುರುತಿಸಿಲ್ಲ. ವನ್ಯಜೀವಿ ತಜ್ಞರು ಬಂದ ಹಾದಿಯಲ್ಲಿ ಅರ್ಥಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು, ಮನೋವೈದ್ಯರು ಬರಬೇಕು. ನಮ್ಮ ವಿಶ್ವವಿದ್ಯಾಲಯಗಳಿಗೆ ಇದು ದೂರದ ಊರೇನಲ್ಲ.

2023ರ ಗಣತಿಯಲ್ಲಿ ರಾಜ್ಯದಲ್ಲಿ 6,395 ಆನೆಗಳು ಲೆಕ್ಕಕ್ಕೆ ಸಿಕ್ಕವು, ದೇಶದಲ್ಲಿ ಕರ್ನಾಟಕವೇ ಮುಂದೆ ಎಂದು ಹೆಮ್ಮೆಪಡುತ್ತೇವೆ. ಆ ಹೆಮ್ಮೆಯ ಬೆಲೆಯನ್ನು ತೆರುವವರು ಬೆರಳೆಣಿಕೆಯ ತಾಲ್ಲೂಕುಗಳ ಜನ. ಈಗ ಭದ್ರಾ ಅಭಯಾರಣ್ಯದ ಸೀಮೆಯಲ್ಲಿ ಆನೆ ವಿಹಾರಧಾಮ ಮಾಡಿ, ತೋಟಗಳಲ್ಲಿ ಹಿಡಿದ ಆನೆಗಳನ್ನು ಅಲ್ಲಿ ಬಿಡುವ ಯೋಜನೆಯನ್ನು ಸರ್ಕಾರ ಪ್ರಕಟಿಸಿದೆ. ಇದು ಕೈಗೂಡಲಿ ಎಂದೇ ನನ್ನ ಆಸೆ. ಆದರೆ 22 ಆನೆಗಳ ನಂತರ ಏನಾಯಿತೆಂಬ ಪಾಠವನ್ನು ಯೋಜನೆಯ ಕಡತದ ಮೊದಲ ಪುಟದಲ್ಲೇ ಬರೆದುಕೊಳ್ಳಬೇಕು. ಬಿಟ್ಟ ಆನೆಗಳಿಗೆ ಕಾಲರ್ ಹಾಕಿ, ಅವು ಎಲ್ಲಿಗೆ ಹೋದವು, ಇಲ್ಲಿನ ಖಾಲಿ ಜಾಗಕ್ಕೆ ಯಾವುವು ಬಂದವು ಎಂಬ ಲೆಕ್ಕವನ್ನು ವರ್ಷವರ್ಷವೂ ಜನರ ಮುಂದಿಡಬೇಕು.

ಇನ್ನೊಂದು ದಾರಿ ಬಹಳ ದಿನಗಳಿಂದ ತೆರೆದೇ ಇದೆ. ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯ ಕಾಗಿನಹರೆ ಸುತ್ತಿನ ಕೆಲವು ಹಳ್ಳಿಗಳ ರೈತರು, ನ್ಯಾಯವಾದ ಪರಿಹಾರ ಕೊಟ್ಟರೆ ತಮ್ಮ ಜಮೀನನ್ನು ಅರಣ್ಯ ಇಲಾಖೆಗೆ ಬಿಟ್ಟು ಹೊರಡುತ್ತೇವೆ ಎಂದು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಯಾರೂ ಅವರನ್ನು ಎಬ್ಬಿಸುತ್ತಿಲ್ಲ, ತಾವಾಗಿಯೇ ಬಂದು ಕೇಳುತ್ತಿದ್ದಾರೆ. ಘಟ್ಟದ ಕಾಡಿಗೆ ಅಂಟಿಕೊಂಡ ಆ ನೆಲ ಆನೆಗೆ ಸಿಕ್ಕರೆ ಕಾಡು ಅಷ್ಟಾದರೂ ಒಂದಾಗುತ್ತದೆ. ಸಂರಕ್ಷಣೆಯ ಪುಸ್ತಕಗಳಲ್ಲಿ ಸ್ವಇಚ್ಛೆಯ ಪುನರ್ವಸತಿಯೆಂದು ಬರೆಯುವುದು ಇದನ್ನೇ. ಅಧ್ಯಯನ, ಜನರ ಒಪ್ಪಿಗೆ, ಭೂಮಿ ಮೂರೂ ಒಂದೇ ಕಡೆ ಸಿಗುವುದು ಅಪರೂಪ. ಪ್ರಸ್ತಾವ ಸರ್ಕಾರದಿಂದ ಸರ್ಕಾರಕ್ಕೆ ಸಾಗುತ್ತಿದೆ, ಭೂಮಿಯ ಬೆಲೆ ಏರುತ್ತಿದೆ, ಕೇಳಿದವರಲ್ಲಿ ಹಿರಿಯರಿಗೆ ವಯಸ್ಸಾಗುತ್ತಿದೆ. ಮುಂದಿನ ಬಜೆಟ್ಟಿನಲ್ಲಿ ಈ ಹಳ್ಳಿಗಳ ಹೆಸರು ಬರಬೇಕು, ಹೆಸರಿನ ಮುಂದೆ ಮೊತ್ತವೂ ಬರಬೇಕು.